ಸೀಟ್ ಪೋಸ್ಟಿನ ಅಳತೆ ಕೂಡದಿದ್ದಾಗ ಶಿಮ್: ಎಲ್ಲಿ ಸರಿ, ಎಲ್ಲಿ ಅಪಾಯ

ಪ್ರಶ್ನೆ: ನನ್ನ ಬಳಿ ಎರಡು ಸೈಕಲ್‌ಗಳಿವೆ. ಮೊದಲನೆಯದು ಅಲ್ಯುಮಿನಿಯಂ ಫ್ರೇಮಿನದು. ಅದರ ಸೀಟ್ ಪೋಸ್ಟಿನ (ಸೀಟನ್ನು ಹೊರುವ ಕೊಳವೆಯ) ಮೇಲೆ 31.6 ಎಂದು ಕೊರೆದಿದೆ. ಹಿಂದಿನ ಸೈಕಲ್ಲಿನಿಂದ ತೆಗೆದಿಟ್ಟ, ನನ್ನ ಬೆನ್ನಿಗೆ ಒಗ್ಗಿದ 27.2 ಮಿ.ಮೀ. ದಪ್ಪದ, 350 ಮಿ.ಮೀ. ಉದ್ದದ ಪೋಸ್ಟನ್ನು ಶಿಮ್ ಹಾಕಿ ಇದಕ್ಕೆ ಕೂರಿಸಬಹುದೇ? ನಾನು ಎತ್ತರದ ಆಳಾದ್ದರಿಂದ ಪೋಸ್ಟನ್ನು ಸಾಕಷ್ಟು ಮೇಲಕ್ಕೆ ಎಳೆಯಬೇಕಾಗುತ್ತದೆ. ಎರಡನೆಯದು ಹಳೆಯ ಸ್ಟೀಲ್ ಫ್ರೇಮು. ಬೋಲ್ಟನ್ನು ಎಷ್ಟು ಬಿಗಿ ಮಾಡಿದರೂ ಅದರ ಸೀಟು ದಿನದಿಂದ ದಿನಕ್ಕೆ ಕೆಳಗಿಳಿಯುತ್ತದೆ. ತಂಪು ಪಾನೀಯದ ಡಬ್ಬಿಯ ತಗಡು ಸುತ್ತಿದರೆ ಸಾಕೆಂದು ಒಬ್ಬರು ಹೇಳಿದರೆ, ಹಾಗೆ ಮಾಡಿದರೆ ಫ್ರೇಮೇ ಸೀಳಿಹೋಗುತ್ತದೆಂದು ಇನ್ನೊಬ್ಬರು ಹೆದರಿಸುತ್ತಾರೆ. ನಾನೇನು ಮಾಡಲಿ?

ಉತ್ತರ: ಮೊದಲ ಸೈಕಲ್ಲಿಗೆ ಶಿಮ್ ಧಾರಾಳವಾಗಿ ಹಾಕಬಹುದು, ಆದರೆ ನಿಮ್ಮ ಎತ್ತರದ ಕಾರಣದಿಂದ ಒಂದು ಅಳತೆಯನ್ನು ಖಚಿತಪಡಿಸಿಕೊಳ್ಳದೆ ಹಾಕಬಾರದು. ಎರಡನೆಯ ಸೈಕಲ್ಲಿನ ವಿಷಯದಲ್ಲಿ, ಏನನ್ನಾದರೂ ಸುತ್ತುವ ಮೊದಲು ಅಲ್ಲಿರುವ ಪೋಸ್ಟು ಆ ಫ್ರೇಮಿನದೇ ಹೌದೋ ಅಲ್ಲವೋ ಎಂಬುದನ್ನು ತಿಳಿಯಬೇಕು. ಎರಡಕ್ಕೂ ಆಧಾರವಾದ ಮಾತು ಒಂದೇ: ಶಿಮ್ ಎನ್ನುವುದು ಪೋಸ್ಟಿಗೂ, ಅದು ಇಳಿಯುವ ಫ್ರೇಮಿನ ಕೊಳವೆಯಾದ ಸೀಟ್ ಟ್ಯೂಬಿಗೂ ನಡುವಿನ ಖಾಲಿ ಜಾಗವನ್ನು ತುಂಬುವ ತೋಳು, ಅಷ್ಟೇ. ಹಿಡಿತವನ್ನು ಕೊಡುವುದು ಟ್ಯೂಬಿನ ಬಾಯಿಯನ್ನು ಬೋಲ್ಟಿನಿಂದ ಬಿಗಿಯುವ ಕ್ಲ್ಯಾಂಪು, ಭಾರವನ್ನು ಹೊರುವುದು ಟ್ಯೂಬಿನ ಗೋಡೆ. ಈ ಎರಡು ಕೆಲಸಗಳನ್ನು ಶಿಮ್ಮಿಗೆ ಒಪ್ಪಿಸಿದಾಗಲೇ ತೊಂದರೆ ಶುರುವಾಗುತ್ತದೆ.

ಶಿಮ್ ಒಂದೇ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ ಎಂಬುದು ನಿಮಗೆ ಗೊತ್ತಿರಬಹುದು; ಅಗಲವಾದ ಟ್ಯೂಬಿಗೆ ಸಣ್ಣ ಪೋಸ್ಟನ್ನು ಹೊಂದಿಸಬಹುದೇ ಹೊರತು ಸಣ್ಣ ಟ್ಯೂಬಿಗೆ ದಪ್ಪ ಪೋಸ್ಟನ್ನು ತುರುಕುವ ದಾರಿಯಿಲ್ಲ. ಟ್ಯೂಬಿನ ಒಳಗನ್ನು ಕೊರೆದು ಅಗಲ ಮಾಡಿಕೊಡುತ್ತೇವೆಂದು ಯಾರಾದರೂ ಮುಂದೆ ಬಂದರೆ ಒಪ್ಪಬೇಡಿ. ಅಲ್ಲಿನ ಗೋಡೆ ಒಂದು ಮಿಲಿಮೀಟರಿನ ಆಸುಪಾಸಿನಲ್ಲಿರುವುದು ಸಾಮಾನ್ಯವಾದ್ದರಿಂದ ಅದರಲ್ಲಿ ಕೆರೆದು ತೆಗೆಯಲು ಉಳಿದಿರುವುದು ಏನೂ ಇಲ್ಲ.

ಈಗ ನಿಮ್ಮ ಮೊದಲ ಸೈಕಲ್ಲಿಗೆ ಬರೋಣ. 31.6ರಿಂದ 27.2ನ್ನು ಕಳೆದರೆ 4.4 ಮಿ.ಮೀ. ಉಳಿಯುತ್ತದೆ, ಅಂದರೆ ನಿಮಗೆ ಬೇಕಾದ ಶಿಮ್ಮಿನ ಗೋಡೆಯ ದಪ್ಪ 2.2 ಮಿ.ಮೀ. ಇದು ಗಟ್ಟಿಯಾದ, ಲೇತಿನಲ್ಲಿ ತಿರುವಿ ಮಾಡಿದ ತೋಳಾಗಿಯೇ ಬರುವಷ್ಟು ದಪ್ಪ. 27.2, 30.9, 31.6 ಈ ಮೂರು ಅಳತೆಗಳು ಇಂದಿನ ಸೈಕಲ್‌ಗಳಲ್ಲಿ ಬಹಳ ಹೆಚ್ಚಾಗಿ ಕಾಣುವುದರಿಂದ ಇವುಗಳ ನಡುವಿನ ಶಿಮ್‌ಗಳು ಸಿದ್ಧವಾಗಿ ಸಿಗುತ್ತವೆ, ಮತ್ತು ಅವುಗಳ ಮೇಲೆ ಒಳಗಿನ ಹಾಗೂ ಹೊರಗಿನ ಎರಡೂ ಅಳತೆಗಳನ್ನು ಬರೆದಿರುತ್ತಾರೆ. ಕೊಳ್ಳುವಾಗ ಎರಡು ಅಂಕಿಗಳನ್ನೂ ಓದಿ. 30.9ಕ್ಕೆ ಮಾಡಿದ ಶಿಮ್ಮನ್ನು 31.6ರ ಫ್ರೇಮಿಗೆ ಹಾಕಿ, ಉಳಿದ ಸಂದನ್ನು ಇನ್ನೊಂದು ತಗಡಿನಿಂದ ಮುಚ್ಚುವ ಯೋಚನೆ ಬೇಡ. ಒಂದರೊಳಗೊಂದು ಎರಡು ಪದರಗಳಿದ್ದರೆ ಅವು ಒಂದರ ಮೇಲೊಂದು ಜಾರುತ್ತವೆ, ಯಾವ ಪದರ ಜಾರುತ್ತಿದೆ ಎಂಬುದನ್ನು ಹುಡುಕುವುದೇ ಒಂದು ಕೆಲಸವಾಗುತ್ತದೆ.

ಸಣ್ಣ ಪೋಸ್ಟು ನಿಮ್ಮ ಬೆನ್ನಿಗೆ ಹಿತವಾಗಿತ್ತು ಎಂಬುದರಲ್ಲಿ ಭ್ರಮೆಯೇನೂ ಇಲ್ಲ. ಕೊಳವೆಯೊಂದು ಬಾಗುವುದಕ್ಕೆ ಒಡ್ಡುವ ವಿರೋಧವು, ಗೋಡೆಯ ದಪ್ಪ ಒಂದೇ ಇದ್ದರೆ, ಹೆಚ್ಚುಕಡಿಮೆ ಅದರ ವ್ಯಾಸದ ಘನಕ್ಕೆ ಅನುಗುಣವಾಗಿ ಏರುತ್ತದೆ. ಹಾಗಾಗಿ ಒಂದೇ ಲೋಹದ, ಒಂದೇ ಗೋಡೆಯ ಪೋಸ್ಟುಗಳನ್ನು ಹೋಲಿಸಿದರೆ 27.2ರದು 31.6ರದಕ್ಕಿಂತ ಮೂರನೆಯ ಒಂದು ಭಾಗಕ್ಕೂ ಸ್ವಲ್ಪ ಹೆಚ್ಚಾಗಿಯೇ ಮೃದುವಾಗಿರುತ್ತದೆ. ಹೀಗೆ ಬಾಗಿ ಏಟನ್ನು ನುಂಗುವುದು ಮುಖ್ಯವಾಗಿ ಕ್ಲ್ಯಾಂಪಿನಿಂದ ಮೇಲಿರುವ ಭಾಗವಾದ್ದರಿಂದ, ಶಿಮ್ ಹಾಕಿದರೂ ಆ ಹಿತ ಕಳೆದುಹೋಗುವುದಿಲ್ಲ.

ಇನ್ನು ನಾನು ಆಗಲೇ ಹೇಳಿದ ಆ ಒಂದು ಅಳತೆ. ಇದನ್ನು ವಿವರವಾಗಿ ಬರೆಯುತ್ತೇನೆ, ಏಕೆಂದರೆ ಶಿಮ್ ಹಾಕಿದ ಸೈಕಲ್‌ಗಳಲ್ಲಿ ಕಾಣುವ ನಿಜವಾದ ಅಪಾಯ ಇರುವುದು ಇಲ್ಲಿಯೇ.

ಪೋಸ್ಟು ನೇರವಾಗಿ ನಿಂತಿರುವುದಿಲ್ಲ. ಸೀಟ್ ಟ್ಯೂಬು ಸಾಮಾನ್ಯವಾಗಿ ನೆಲಕ್ಕೆ 73 ಡಿಗ್ರಿಯ ಹತ್ತಿರ ಹಿಂದಕ್ಕೆ ವಾಲಿರುತ್ತದೆ. ಸೀಟಿನ ಮೇಲೆ 80 ಕಿಲೋ ಭಾರ ಬಿದ್ದರೆ ಅದರಲ್ಲಿ ಸುಮಾರು 23 ಕಿಲೋದಷ್ಟು ಪೋಸ್ಟನ್ನು ಹಿಂದಕ್ಕೆ ಬಗ್ಗಿಸಲು ಎಳೆಯುತ್ತದೆ. ಆಗ ಪೋಸ್ಟು ಟ್ಯೂಬಿನ ಬಾಯಿಯ ಹಿಂಬದಿಯ ಅಂಚಿಗೆ ಒತ್ತಿಕೊಂಡು, ಒಳಗಿನ ಕೆಳತುದಿಯಿಂದ ಟ್ಯೂಬಿನ ಮುಂಭಾಗದ ಗೋಡೆಯನ್ನು ತಳ್ಳುತ್ತದೆ. ಹಾರೆಗೋಲಿನಿಂದ ಕಲ್ಲನ್ನು ಮೀಟುವಾಗ ಆಗುವುದೂ ಇದೇ. ಕ್ಲ್ಯಾಂಪಿನಿಂದ ಸೀಟಿನವರೆಗೆ 250 ಮಿ.ಮೀ. ಇದ್ದು, ಒಳಗೆ 100 ಮಿ.ಮೀ. ಆಸರೆ ಸಿಕ್ಕಿದ್ದರೆ, ಕೆಳತುದಿಯ ತಳ್ಳುವಿಕೆ ಸುಮಾರು 58 ಕಿಲೋ. ಆಸರೆ 50 ಮಿ.ಮೀ.ಗೆ ಇಳಿದರೆ ಅದೇ ತಳ್ಳುವಿಕೆ 115 ಕಿಲೋ ಆಗುತ್ತದೆ. ಇದು ಸುಮ್ಮನೆ ಕುಳಿತಿರುವಾಗಿನ ಲೆಕ್ಕ. ಗುಂಡಿಗೆ ಚಕ್ರ ಬಿದ್ದಾಗ ಆಗುವ ಏಟು ಇದರಲ್ಲಿ ಸೇರಿಲ್ಲ.

ಶಿಮ್ ಇಲ್ಲದಿರುವಾಗ ಈ ಆಸರೆಯ ಉದ್ದವೆಂದರೆ ಪೋಸ್ಟು ಫ್ರೇಮಿನೊಳಗೆ ಇಳಿದ ಉದ್ದ. ಶಿಮ್ ಇರುವಾಗ ಹಾಗಲ್ಲ. ಸಿದ್ಧ ಶಿಮ್‌ಗಳು ಬಹುಮಟ್ಟಿಗೆ 80ರಿಂದ 100 ಮಿ.ಮೀ. ಉದ್ದವಿರುತ್ತವೆ. ನಿಮ್ಮ ಪೋಸ್ಟು 130 ಮಿ.ಮೀ. ಒಳಗಿಳಿದು, ಶಿಮ್ 80 ಮಿ.ಮೀ. ಮಾತ್ರ ಇದ್ದರೆ, ಉಳಿದ 50 ಮಿ.ಮೀ. ಅಗಲವಾದ ಟ್ಯೂಬಿನ ನಡುವೆ ಯಾವ ಗೋಡೆಯನ್ನೂ ಮುಟ್ಟದೆ ಗಾಳಿಯಲ್ಲಿ ತೂಗುತ್ತಿರುತ್ತದೆ. ಪೋಸ್ಟಿನ ಮೇಲಿನ ಕನಿಷ್ಠ ಆಳದ ಗೆರೆ ಒಳಗೆ ಮುಳುಗಿದೆ ಎಂದು ನಾವು ನಿಶ್ಚಿಂತೆಯಿಂದಿರುತ್ತೇವೆ; ಆದರೆ ಆ ಗೆರೆಯನ್ನು ಕೊರೆದವರು ಪೋಸ್ಟಿಗೆ ಸುತ್ತಲೂ ಟ್ಯೂಬು ತಾಗಿಕೊಂಡಿರುತ್ತದೆ ಎಂದು ಭಾವಿಸಿದ್ದರೇ ಹೊರತು ಅರ್ಧಕ್ಕೆ ಮುಗಿಯುವ ಶಿಮ್ಮನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಆದ್ದರಿಂದ ಶಿಮ್ ಹಾಕಿದ ಸೈಕಲ್ಲಿನಲ್ಲಿ ಎರಡು ಷರತ್ತುಗಳು ಒಟ್ಟಿಗೆ ಈಡೇರಬೇಕು: ಪೋಸ್ಟು ತನ್ನ ಗೆರೆಯನ್ನು ದಾಟಿ ಒಳಗಿರಬೇಕು ಮತ್ತು ಶಿಮ್ಮಿನ ಕೆಳತುದಿಯನ್ನೂ ದಾಟಿರಬೇಕು. ಶಿಮ್ಮಿನ ಕೆಳತುದಿಯಾದರೋ, ಟಾಪ್ ಟ್ಯೂಬು (ಹ್ಯಾಂಡಲ್ ಕಡೆಯಿಂದ ಸೀಟಿನ ಕಡೆಗೆ ಬರುವ ಮೇಲಿನ ಕೊಳವೆ) ಸೀಟ್ ಟ್ಯೂಬಿಗೆ ಬೆಸೆದಿರುವ ಜಾಗದ ಕೆಳ ಅಂಚಿಗಿಂತ ಕೆಳಗೆ ಇಳಿದಿರಬೇಕು. ಸೀಟ್ ಟ್ಯೂಬು ಆ ಬೆಸುಗೆಯಿಂದ ಮೇಲಕ್ಕೆ ಎದ್ದುಕೊಂಡಿರುವ ಫ್ರೇಮುಗಳಲ್ಲಿ 80 ಮಿ.ಮೀ. ಶಿಮ್ ಬೆಸುಗೆಯನ್ನು ದಾಟದೇ ಹೋಗಬಹುದು. ಅಂಥಲ್ಲಿ ಎಲ್ಲ ಒತ್ತಡವೂ ಆಸರೆಯಿಲ್ಲದ ಬರಿಯ ಕೊಳವೆಯ ಮೇಲೆ ಬೀಳುತ್ತದೆ, ಮತ್ತು ಬಿರುಕು ಬೆಸುಗೆಯ ಬದಿಯಲ್ಲಿ ಬಿಡುತ್ತದೆ.

ನೀವು ಮಾಡಬೇಕಾದ್ದು ಇಷ್ಟು. ನಿಮ್ಮ ಈಗಿನ 31.6ರ ಪೋಸ್ಟಿಗೆ ಕ್ಲ್ಯಾಂಪಿನ ಮೇಲಂಚಿನಲ್ಲಿ ಒಂದು ಟೇಪು ಅಂಟಿಸಿ, ಹೊರತೆಗೆದು, ಟೇಪಿನಿಂದ ಸೀಟಿನ ಕಂಬಿಗಳ ತನಕದ ಉದ್ದವನ್ನು ಅಳೆಯಿರಿ. ಅಷ್ಟೇ ಉದ್ದವನ್ನು 27.2ರ ಪೋಸ್ಟಿನಲ್ಲಿ ಮೇಲಿನಿಂದ ಗುರುತು ಮಾಡಿ, ಗುರುತಿನ ಕೆಳಗೆ ಎಷ್ಟು ಉಳಿಯುತ್ತದೆಂದು ನೋಡಿ. ಉಳಿದದ್ದು ಶಿಮ್ಮಿನ ಉದ್ದಕ್ಕಿಂತ ಕಡಿಮೆಯಿದ್ದರೆ, ಅಥವಾ ಗೆರೆ ಹೊರಗೆ ಕಾಣುವಂತಿದ್ದರೆ, ಆ 350 ಮಿ.ಮೀ. ಪೋಸ್ಟು ನಿಮಗೆ ಸಾಲದು, 400 ಮಿ.ಮೀ. ಉದ್ದದ 27.2ರ ಪೋಸ್ಟೊಂದನ್ನು ಕೊಳ್ಳಿ. ಎತ್ತರದವರಿಗೆ ಈ ಮಾತನ್ನು ನಾನು ಒತ್ತಿ ಹೇಳುತ್ತೇನೆ. ಸೀಟ್ ಪೋಸ್ಟು ಮುರಿದಾಗ ಉಳಿಯುವುದು ಮೊನಚಾದ ಕೊಳವೆ, ಮತ್ತು ಅದು ಸವಾರನ ದೇಹದ ನೇರ ಕೆಳಗಿರುತ್ತದೆ.

ಕೂರಿಸುವ ಕೆಲಸ ಕಷ್ಟದ್ದಲ್ಲ, ಆದರೆ ಸ್ವಚ್ಛತೆಯನ್ನು ಬೇಡುತ್ತದೆ. ಟ್ಯೂಬಿನ ಒಳಗನ್ನು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಬೆರಳಾಡಿಸಿ ಉಬ್ಬುಗಳಿವೆಯೇ ಎಂದು ನೋಡಿ. ಬಾಟಲಿ ಸ್ಟ್ಯಾಂಡಿನ ಸ್ಕ್ರೂಗಳು ಕೂರುವ ಗೂಟಗಳು ಕೆಲವು ಫ್ರೇಮುಗಳಲ್ಲಿ ಒಳಕ್ಕೆ ಚಾಚಿಕೊಂಡಿದ್ದು ಪೋಸ್ಟನ್ನು ತಡೆಯುತ್ತವೆ. ಲೋಹದ ಫ್ರೇಮು, ಲೋಹದ ಶಿಮ್, ಲೋಹದ ಪೋಸ್ಟು ಆಗಿದ್ದರೆ ಶಿಮ್ಮಿನ ಒಳಗೂ ಹೊರಗೂ ಗ್ರೀಸಿನ ತೆಳುವಾದ ಪದರ ಬಳಿಯಬೇಕು. ಗ್ರೀಸ್ ಹಾಕಿದರೆ ಪೋಸ್ಟು ಜಾರುವುದಿಲ್ಲವೇ ಎಂಬ ಪ್ರಶ್ನೆ ಸಹಜ. ಅಳತೆ ಸರಿಯಿದ್ದರೆ ಜಾರುವುದಿಲ್ಲ. ಜಾರಿದರೆ ಅದು ಗ್ರೀಸಿನ ತಪ್ಪಲ್ಲ, ಅಳತೆಯ ತಪ್ಪು. ಅಲ್ಯುಮಿನಿಯಂ ಶಿಮ್ ಸ್ಟೀಲ್ ಫ್ರೇಮಿನೊಳಗೆ ಗ್ರೀಸಿಲ್ಲದೆ ಕುಳಿತರೆ ಮಳೆನೀರು ಮತ್ತು ಬೆವರಿನ ಉಪ್ಪು ಸೇರಿ ಎರಡು ಲೋಹಗಳ ನಡುವೆ ರಾಸಾಯನಿಕ ಸವೆತ ಶುರುವಾಗುತ್ತದೆ, ಅಲ್ಯುಮಿನಿಯಂ ಬಿಳಿಪುಡಿಯಾಗಿ ಉಬ್ಬಿ ಬಿಗಿದುಕೊಳ್ಳುತ್ತದೆ. ಶಿಮ್ ಇರುವಲ್ಲಿ ಹೀಗೆ ಕಚ್ಚಿಕೊಳ್ಳಬಹುದಾದ ಮೇಲ್ಮೈಗಳು ಎರಡು, ಆದ್ದರಿಂದ ಎಚ್ಚರವೂ ಇಮ್ಮಡಿಯಾಗಿರಲಿ.

ಶಿಮ್ಮಿಗೆ ಮೇಲಿನಿಂದ ಕೆಳಗಿನವರೆಗೆ ಒಂದು ಸೀಳು ಇರುತ್ತದೆ. ಅದನ್ನು ಫ್ರೇಮಿನ ಸೀಳಿನ ನೇರಕ್ಕೆ ಬರುವಂತೆ ನಿಲ್ಲಿಸಿ. ಕ್ಲ್ಯಾಂಪು ಬಿಗಿಯಾದಾಗ ಎರಡು ಸೀಳುಗಳೂ ಒಂದೇ ಕಡೆ ಮುಚ್ಚಿಕೊಂಡು ಹಿಡಿತ ಸುತ್ತಲೂ ಸಮನಾಗಿ ಬರುತ್ತದೆ. ತಯಾರಕರು ಬೇರೆ ರೀತಿಯಲ್ಲಿ ಹೇಳಿದ್ದರೆ ಅವರ ಮಾತೇ ನಡೆಯಲಿ. ಶಿಮ್ಮಿನ ಮೇಲ್ತುದಿಯಲ್ಲಿ ಹೊರಕ್ಕೆ ಚಾಚಿದ ಅಂಚು ಇರಲೇಬೇಕು. ಅದಿಲ್ಲದ ಶಿಮ್ ಸೀಟಿನ ಕುಲುಕಾಟಕ್ಕೆ ನಿಧಾನವಾಗಿ ಕೆಳಗಿಳಿದು, ಒಂದು ದಿನ ಕೈಗೆ ಎಟುಕದಷ್ಟು ಆಳಕ್ಕೆ ಸೇರಿಕೊಳ್ಳುತ್ತದೆ. ನಿಮ್ಮ ಹಳೆಯ ಕ್ಲ್ಯಾಂಪನ್ನು ಬದಲಿಸುವ ಅಗತ್ಯವಿಲ್ಲ. ಅದರ ಅಳತೆ ಫ್ರೇಮಿನ ಹೊರಮೈಯದು, ಒಳಗೆ ಏನು ಕೂತಿದೆ ಎಂಬುದು ಅದಕ್ಕೆ ಸಂಬಂಧಿಸಿದ್ದಲ್ಲ. ಬಿಗಿಯುವ ಬಲವನ್ನು ಕ್ಲ್ಯಾಂಪಿನ ಮೇಲೆಯೇ ಅಚ್ಚು ಹಾಕಿರುತ್ತಾರೆ, ಹೆಚ್ಚಿನವು 5ರಿಂದ 7 ನ್ಯೂಟನ್ ಮೀಟರಿನ ನಡುವೆ ಇರುತ್ತವೆ. ಈ ಬಲವನ್ನು ಅಳೆದು ತೋರಿಸುವ ಟಾರ್ಕ್ ರೆಂಚ್ ಇದ್ದರೆ ಬಳಸಿ.

ಪ್ಲಾಸ್ಟಿಕ್ ಶಿಮ್‌ಗಳೂ ಸಿಗುತ್ತವೆ. ಅವು ಕೆಲಸ ಮಾಡುವುದಿಲ್ಲವೆಂದಲ್ಲ, ಆದರೆ ಸದಾ ಒತ್ತಡದಲ್ಲಿರುವ ಪ್ಲಾಸ್ಟಿಕ್ಕು ಕ್ರಮೇಣ ಹರಡಿಕೊಂಡು ತೆಳುವಾಗುವ ಗುಣವುಳ್ಳದ್ದರಿಂದ ಕ್ಲ್ಯಾಂಪು ತಾನಾಗಿ ಸಡಿಲವಾಗುತ್ತದೆ. ಲೋಹದ ಫ್ರೇಮಿಗೆ, ಅದರಲ್ಲೂ ಪೋಸ್ಟು ಎತ್ತರಕ್ಕೆ ಚಾಚಿರುವಲ್ಲಿ, ನಾನು ಅಲ್ಯುಮಿನಿಯಂ ಶಿಮ್ಮನ್ನೇ ಆರಿಸುತ್ತೇನೆ. ಫ್ರೇಮಾಗಲಿ ಪೋಸ್ಟಾಗಲಿ ಕಾರ್ಬನ್ನಿನದಾಗಿದ್ದರೆ ಗ್ರೀಸಿನ ಬದಲು ಹಿಡಿತ ಹೆಚ್ಚಿಸುವ ತರಿತರಿಯಾದ ಕಾರ್ಬನ್ ಪೇಸ್ಟು ಬಳಸಬೇಕು, ಮತ್ತು ಫ್ರೇಮ್ ತಯಾರಕರು ಶಿಮ್ಮಿಗೆ ಒಪ್ಪಿದ್ದಾರೆಯೇ ಎಂಬುದನ್ನು ಮೊದಲು ಓದಬೇಕು. ಗುಂಡಗಿರದ ಪೋಸ್ಟುಗಳಿಗೆ ಈ ಮಾತು ಯಾವುದೂ ಅನ್ವಯಿಸುವುದಿಲ್ಲ.

ಎರಡನೆಯ ಸೈಕಲ್ಲಿನ ಕಥೆಯೇ ಬೇರೆ. ಹಳೆಯ ಸ್ಟೀಲ್ ಫ್ರೇಮುಗಳ ಸೀಟ್ ಟ್ಯೂಬಿನ ಹೊರವ್ಯಾಸ ಬಹಳಷ್ಟು ಕಡೆ 28.6 ಮಿ.ಮೀ. ಎಂದು ನಿಗದಿಯಾಗಿತ್ತು. ಹೊರಗಿನ ಅಳತೆ ಒಂದೇ ಆದರೂ ಗೋಡೆಯ ದಪ್ಪ ಬದಲಾದಂತೆ ಒಳಗಿನದು ಬದಲಾಗುತ್ತಿತ್ತು: 0.7 ಮಿ.ಮೀ. ಗೋಡೆಯಿದ್ದರೆ 27.2, 0.8 ಇದ್ದರೆ 27.0, 0.9 ಇದ್ದರೆ 26.8. ಪೋಸ್ಟುಗಳು 0.2 ಮಿ.ಮೀ. ಅಂತರದಲ್ಲಿ ಒಂದರ ಪಕ್ಕ ಒಂದು ತಯಾರಾಗಲು ಇದೂ ಒಂದು ಕಾರಣ. ಪಕ್ಕಪಕ್ಕದ ಎರಡು ಪೋಸ್ಟುಗಳನ್ನು ಕೈಯಲ್ಲಿ ಹಿಡಿದರೆ ವ್ಯತ್ಯಾಸ ಕಣ್ಣಿಗೆ ಕಾಣದು, ಆದ್ದರಿಂದ ಹಳೆಯ ಸೈಕಲ್‌ಗಳಲ್ಲಿ ಒಂದು ಅಳತೆ ಚಿಕ್ಕದಾದ ಪೋಸ್ಟು ಸೇರಿಕೊಂಡಿರುವುದು ತೀರ ಸಾಮಾನ್ಯ. ನಿಮ್ಮದರಲ್ಲೂ ಹಾಗೆಯೇ ಆಗಿದೆಯೆಂದು ನನ್ನ ಬಲವಾದ ಅನುಮಾನ.

ಇದನ್ನು ಪತ್ತೆಹಚ್ಚಲು ಮೊದಲು ಕ್ಲ್ಯಾಂಪಿನ ಜಾಗವನ್ನು ಹಿಂದಿನಿಂದ, ಕಣ್ಣನ್ನು ಸೀಳಿನ ಮಟ್ಟಕ್ಕೆ ತಂದು ನೋಡಿ. ಪೋಸ್ಟು ಸರಿಯಾದ ಅಳತೆಯದಾಗಿದ್ದರೆ, ಬೋಲ್ಟು ಬಿಗಿಯಾದಾಗಲೂ ಸೀಳಿನ ಎರಡು ಅಂಚುಗಳು ಮೇಲಿನಿಂದ ಕೆಳಗಿನವರೆಗೆ ಹೆಚ್ಚುಕಡಿಮೆ ಸಮಾನಾಂತರವಾಗಿ ನಿಂತಿರುತ್ತವೆ. ಪೋಸ್ಟು ಸಣ್ಣದಾಗಿದ್ದರೆ ಸೀಳಿನ ಬಾಯಿ ಮೇಲ್ಗಡೆ ಕಿರಿದಾಗಿ, ಕೆಳಗಡೆ ಅಗಲವಾಗಿ ಉಳಿದು, ಬೋಲ್ಟು ಹಾಯುವ ಎರಡು ಕಿವಿಗಳ ಮೇಲ್ತುದಿಗಳು ಒಂದಕ್ಕೊಂದು ತಾಗುವಂತೆ ಬಾಗಿರುತ್ತವೆ. ಬೋಲ್ಟಿನ ತಲೆಯೂ ಒಂದು ಬದಿಯಲ್ಲಿ ಮಾತ್ರ ಒತ್ತಿಕೊಂಡು ಅಲ್ಲಿ ಬಣ್ಣ ಕಿತ್ತುಬಂದಿರುತ್ತದೆ. ಕಿವಿಗಳು ಪರಸ್ಪರ ತಾಗಿದ ಮೇಲೆ ನೀವು ಹಾಕುವ ಬಲವೆಲ್ಲ ಅವುಗಳನ್ನು ಅವುಚಲು ಖರ್ಚಾಗುತ್ತದೆಯೇ ಹೊರತು ಪೋಸ್ಟಿಗೆ ತಲುಪುವುದಿಲ್ಲ. ಬೋಲ್ಟನ್ನು ಎಷ್ಟು ತಿರುಗಿಸಿದರೂ ಸೀಟು ಇಳಿಯುತ್ತಲೇ ಇರುವುದಕ್ಕೆ ಇದೇ ಕಾರಣ. 0.4 ಮಿ.ಮೀ. ಸಂದನ್ನು ಮುಚ್ಚಬೇಕಾದರೆ ಸೀಳು ಸುಮಾರು 1.26 ಮಿ.ಮೀ. ಕಿರಿದಾಗಬೇಕು, ಮತ್ತು ಆ ಬಾಗುವಿಕೆಯೆಲ್ಲ ಸೀಳಿನ ಬುಡದಲ್ಲಿ ಕೇಂದ್ರೀಕರಿಸುತ್ತದೆ. ಅಲ್ಲಿ ಸಾಮಾನ್ಯವಾಗಿ ಗುಂಡನೆಯ ತೂತು ಮಾಡಿರುವುದು ಬಿರುಕು ಹುಟ್ಟದಿರಲೆಂದು.

ಹೀಗಾಗಿ ಫ್ರೇಮು ಸೀಳುತ್ತದೆಂದು ನಿಮ್ಮನ್ನು ಎಚ್ಚರಿಸಿದವರ ಭಯ ಸುಳ್ಳಲ್ಲ, ಕಾರಣ ಮಾತ್ರ ಬೇರೆ. ಫ್ರೇಮನ್ನು ಸೀಳುವುದು ತಗಡಲ್ಲ. ಸಡಿಲವಾದ ಪೋಸ್ಟನ್ನು ಬಲವಂತವಾಗಿ ಬಿಗಿಯುವುದು. ಈಗಲೇ ಪೋಸ್ಟನ್ನು ತೆಗೆದು, ಸೀಳಿನ ಬುಡವನ್ನು ಒರೆಸಿ, ಉಗುರಿನಿಂದ ಗೀರಿ ನೋಡಿ. ಉಗುರು ಕೂದಲಿನಷ್ಟು ಸಣ್ಣ ಗೆರೆಗೆ ಸಿಕ್ಕಿಕೊಂಡರೂ ಆ ಸೈಕಲ್ಲನ್ನು ಓಡಿಸದೆ ಫ್ರೇಮ್ ಬೆಸೆಯುವವರಿಗೆ ತೋರಿಸಿ.

ಬಿರುಕು ಇಲ್ಲವೆಂದಾದರೆ ಅಳತೆ ತೆಗೆಯಿರಿ. ಪೋಸ್ಟಿನ ಅಂಕಿಯನ್ನು ಬಹುತೇಕ ಗೆರೆಯ ಹತ್ತಿರ ಕೊರೆದಿರುತ್ತಾರೆ. ಇಲ್ಲದಿದ್ದರೆ ವರ್ನಿಯರ್ ಕ್ಯಾಲಿಪರಿನಿಂದ ಅಳೆಯಬಹುದು. ಟ್ಯೂಬಿನ ಒಳಗನ್ನು ಅಳೆಯುವಾಗಲೇ ಹೆಚ್ಚಿನವರು ತಪ್ಪುವುದು. ಬಾಯಿಯ ಅಂಚು ಹಿಂದಿನ ಬಿಗಿತದಿಂದ ಈಗಾಗಲೇ ಕುಗ್ಗಿರುವುದರಿಂದ ಅಲ್ಲಿ ಸಿಗುವ ಅಂಕಿ ನಂಬಿಕೆಗೆ ತಕ್ಕದ್ದಲ್ಲ. ಕ್ಯಾಲಿಪರಿನ ಒಳಮೂತಿಗಳನ್ನು ಸಾಧ್ಯವಾದಷ್ಟು ಆಳಕ್ಕೆ ಇಳಿಸಿ, ಒಮ್ಮೆ ಎಡದಿಂದ ಬಲಕ್ಕೆ, ಮತ್ತೊಮ್ಮೆ ಮುಂದಿನಿಂದ ಹಿಂದಕ್ಕೆ ಅಳೆಯಿರಿ. ಎರಡೂ ಬೇರೆಬೇರೆ ಬಂದರೆ ಟ್ಯೂಬು ಮೊಟ್ಟೆಯಾಕಾರಕ್ಕೆ ತಿರುಗಿದೆ ಎಂದರ್ಥ. ಇದೆಲ್ಲಕ್ಕಿಂತ ನಂಬಬಹುದಾದ ವಿಧಾನವೆಂದರೆ ಗೊತ್ತಿರುವ ಅಳತೆಯ ಪೋಸ್ಟುಗಳನ್ನೇ ಒಂದೊಂದಾಗಿ ಇಳಿಸಿ ನೋಡುವುದು. ಕ್ಲ್ಯಾಂಪು ಸಡಿಲವಿರುವಾಗ ಕೈಯಿಂದ ಒತ್ತಿದರೆ ಮೆತ್ತಗೆ ಇಳಿಯುವ, ಆದರೆ ಅಕ್ಕಪಕ್ಕಕ್ಕೆ ಒಂದಿಷ್ಟೂ ಅಲ್ಲಾಡದ ಪೋಸ್ಟೇ ಆ ಫ್ರೇಮಿನದು.

ಸರಿಯಾದ ಪೋಸ್ಟು ಸಿಗುವುದಾದರೆ ಅದನ್ನೇ ಹಾಕಿ, 0.2 ಅಥವಾ 0.4 ಮಿ.ಮೀ. ವ್ಯತ್ಯಾಸಕ್ಕೆ ಶಿಮ್ ಮೊದಲ ಆಯ್ಕೆಯಾಗಬಾರದು. ಸಿಗದಿದ್ದಾಗ, ಮತ್ತು ವ್ಯತ್ಯಾಸ 0.2 ಮಾತ್ರ ಇದ್ದಾಗ, ಡಬ್ಬಿಯ ತಗಡಿಗೆ ನನ್ನ ಒಪ್ಪಿಗೆಯಿದೆ. ಪಾನೀಯದ ಅಲ್ಯುಮಿನಿಯಂ ಡಬ್ಬಿಯ ಗೋಡೆ ಸುಮಾರು 0.1 ಮಿ.ಮೀ. ದಪ್ಪವಿರುವುದರಿಂದ ಒಂದು ಸುತ್ತು ಪೋಸ್ಟಿನ ವ್ಯಾಸಕ್ಕೆ 0.2 ಮಿ.ಮೀ. ಸೇರಿಸುತ್ತದೆ, ಅಂದರೆ ಸರಿಯಾಗಿ ಒಂದು ಅಳತೆಯಷ್ಟು. ಅದೇ ದಪ್ಪದ ಹಿತ್ತಾಳೆಯ ತಗಡು ಸಿಕ್ಕಿದರೆ ಇನ್ನೂ ಒಳ್ಳೆಯದು. 27.0 ಪೋಸ್ಟಿನ ಸುತ್ತಳತೆ 84.8 ಮಿ.ಮೀ.; ತಗಡನ್ನು 82 ಮಿ.ಮೀ. ಅಗಲಕ್ಕೆ ಕತ್ತರಿಸಿದರೆ ಅಂಚುಗಳು ಒಂದರ ಮೇಲೊಂದು ಏರದೆ, ಉಳಿದ ಸಂದು ಫ್ರೇಮಿನ ಸೀಳಿನ ನೇರಕ್ಕೆ ಬರುತ್ತದೆ. ಎತ್ತರ 90 ಮಿ.ಮೀ.ಗೆ ಕಡಿಮೆಯಾಗದಿರಲಿ. ಅದರ ಮೇಲೆ 5 ಮಿ.ಮೀ. ಹೆಚ್ಚಾಗಿ ಬಿಟ್ಟು, ಅಲ್ಲಲ್ಲಿ ಕತ್ತರಿಸಿ ಹೊರಕ್ಕೆ ಮಡಿಸಿದರೆ ತಗಡು ಒಳಗೆ ಜಾರದಂತೆ ತಡೆಯುತ್ತದೆ. ಕತ್ತರಿಸಿದ ಅಂಚು ಬ್ಲೇಡಿನಷ್ಟು ಹರಿತವಾಗಿರುತ್ತದೆ, ಕೈಗವಸು ಹಾಕಿಕೊಳ್ಳಿ. ತಗಡನ್ನು ಪೋಸ್ಟಿಗೆ ಸುತ್ತಿ ತುರುಕಿದರೆ ಅದು ಮುದುಡುತ್ತದೆ; ಗ್ರೀಸ್ ಬಳಿದು ಮೊದಲು ಟ್ಯೂಬಿನ ಗೋಡೆಗೆ ಅಂಟಿಸಿ, ಅರದಿಂದ ಕೆಳ ಅಂಚನ್ನು ನಯಗೊಳಿಸಿದ ಪೋಸ್ಟನ್ನು ತಿರುಗಿಸದೆ ನೇರವಾಗಿ ಇಳಿಸಿ.

ಆದರೆ ಸಂದು 0.4 ಇದ್ದರೆ ಎರಡು ಸುತ್ತು ಸುತ್ತಿಬಿಡೋಣ ಎಂಬ ಆಸೆಗೆ ಬೀಳಬೇಡಿ. ನುಣುಪಾದ ಎರಡು ತಗಡುಗಳು, ನಡುವೆ ಅವುಗಳದೇ ಬಣ್ಣದ ಲೇಪ; ಅಲ್ಲಿ ಹಿಡಿತ ನಿಲ್ಲುವುದಿಲ್ಲ.

ಎರಡೂ ಸೈಕಲ್‌ಗಳಲ್ಲಿ ಕೆಲಸ ಮುಗಿದ ಮೇಲೆ ಪೋಸ್ಟಿನ ಸುತ್ತ ಕ್ಲ್ಯಾಂಪಿಗೆ ತಾಗುವಂತೆ ಟೇಪಿನ ಪಟ್ಟಿಯೊಂದನ್ನು ಅಂಟಿಸಿ, ಹತ್ತಿರದಲ್ಲೇ ಒಂದು ಸುತ್ತು ಓಡಿಸಿ ಬಂದು ಬೋಲ್ಟಿನ ಬಿಗಿಯನ್ನು ಮತ್ತೊಮ್ಮೆ ನೋಡಿ. ಟೇಪು ಕ್ಲ್ಯಾಂಪಿನ ಅಂಚಿನಲ್ಲಿ ಸುಕ್ಕುಗಟ್ಟಿದ್ದರೆ ಪೋಸ್ಟು ಇಳಿದಿದೆ. ಪೆಡಲ್ ತುಳಿದಾಗಲೆಲ್ಲ ಕಿರುಗುಟ್ಟುವ ಸದ್ದು ಬಂದರೆ ಹೆಚ್ಚು ಬಿಗಿಯುವ ಬದಲು ಎಲ್ಲವನ್ನೂ ಬಿಚ್ಚಿ, ಒರೆಸಿ, ಗ್ರೀಸ್ ಹಾಕಿ ಪುನಃ ಕೂರಿಸಿ. ಮಳೆಗಾಲ ಮುಗಿದ ಮೇಲಂತೂ ಒಮ್ಮೆ ತಪ್ಪದೆ ಬಿಚ್ಚಬೇಕು. ಆಗ ಪೋಸ್ಟು ಮಾತ್ರ ಹೊರಬಂದು ದಪ್ಪ ಶಿಮ್ ಒಳಗೇ ಉಳಿದುಕೊಂಡರೆ ಗಾಬರಿಯಾಗಬೇಕಿಲ್ಲ: ಅದರ ಸುತ್ತ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಕಾದು, ಶಿಮ್ಮಿನ ಸೀಳಿಗೆ ಚಪ್ಪಟೆ ಸ್ಕ್ರೂ ಡ್ರೈವರ್ ತೂರಿಸಿ ಒಂದು ಅಂಚನ್ನು ಒಳಕ್ಕೆ ಬಾಗಿಸಿದರೆ ಅದು ಗೋಡೆಯಿಂದ ಬಿಟ್ಟುಕೊಳ್ಳುತ್ತದೆ, ಮೇಲಿನ ಅಂಚನ್ನು ಇಕ್ಕಳದಿಂದ ಹಿಡಿದು ಎಳೆಯಬಹುದು. ಹಾಗೆ ತೆಗೆದ ಶಿಮ್ಮನ್ನು ಮತ್ತೆ ಬಳಸಬೇಡಿ, ಹೊಸದನ್ನೇ ಹಾಕಿ.